ಕೃಷಿ ಹೊಂಡದಲ್ಲಿ ಸಿಹಿನೀರು ಮೀನು ಮತ್ತು ಸೀಗಡಿ ಸಾಕಣೆ

ಕರ್ನಾಟಕದ ಒಣಭೂಮಿ ಪ್ರದೇಶಗಳಲ್ಲಿ 2014-15ರಿಂದ ಕೃಷಿಭಾಗ್ಯ ಯೋಜನೆಯಡಿ ನಿರ್ಮಿಸಲಾದ ಹೊಂಡಗಳ ಮೂಲ ಉದ್ದೇಶ, ಮಳೆ ಕೈಕೊಟ್ಟಾಗ ಬೆಳೆಗೆ ನೀರೊದಗಿಸುವುದು. ಮೀನು ಅಲ್ಲಿ ಉಪಬೆಳೆ. ಬೆಳೆ ಬಾಡುವ ಹೊತ್ತಿಗೇ ಮೀನಿಗೂ ನೀರು ಬೇಕಾಗುವುದರಿಂದ, ಮರಿ ತರುವ ಮೊದಲು ನಿಮ್ಮ ಹೊಂಡದಲ್ಲಿ ಒಂದೂವರೆ ಮೀಟರ್ ನೀರು ಎಷ್ಟು ತಿಂಗಳು ನಿಲ್ಲುತ್ತದೆಂದು ಲೆಕ್ಕ ಹಾಕಿರಿ. ಉಳಿದ ನಿರ್ಧಾರಗಳೆಲ್ಲ ಈ ಲೆಕ್ಕವನ್ನೇ ಅವಲಂಬಿಸಿವೆ.

ನೀರು ಏಳೆಂಟು ತಿಂಗಳು ಮಾತ್ರ ನಿಲ್ಲುವುದಾದರೆ ಅಗ್ಗವೆಂದು ಸಣ್ಣ ಮರಿಗಳನ್ನು ಬಿಡಬೇಡಿ. 8ರಿಂದ 10 ಸೆಂ.ಮೀ. ಉದ್ದದ ಬಲಿತ ಬಿತ್ತನೆ ಮರಿಗಳೇ ಸೂಕ್ತ. 21 × 21 ಮೀಟರ್ ಹೊಂಡಕ್ಕೆ ಸುಮಾರು 200 ಮರಿಗಳು ಸಾಕು: ಮೇಲ್ಪದರದಲ್ಲಿ ಮೇಯುವ ಕಾಟ್ಲಾ 80, ನಡುಪದರದ ರೋಹು 60, ತಳದಲ್ಲಿ ಮೇಯುವ ಸಾಮಾನ್ಯ ಗೆಂಡೆ 60. ಹೆಚ್ಚು ಮರಿ ಬಿಟ್ಟರೆ ಹೆಚ್ಚು ಮೀನು ಸಿಗುವುದೆಂಬುದು ತಪ್ಪು ಎಣಿಕೆ. ಸಿಗುವುದು ಬೆಲೆಯಿಲ್ಲದ ಸಣ್ಣ ಮೀನು. ಗೆಂಡೆಯಲ್ಲಿ ಹಂಗೇರಿ ಮೂಲದ ಅಮೂರ್ ತಳಿಯನ್ನು ಆರಿಸಿಕೊಳ್ಳಿ. ಸ್ಥಳೀಯ ಗೆಂಡೆ ಬೇಗನೆ ಪ್ರೌಢವಾಗಿ ಹೊಂಡದಲ್ಲೇ ಮರಿ ಹಾಕುತ್ತದೆ. ಅಮೂರ್ ತಡವಾಗಿ ಪ್ರೌಢವಾಗುವುದರಿಂದ ತಿಂದ ಆಹಾರ ಬೆಳವಣಿಗೆಗೆ ಒದಗುತ್ತದೆ.

ಮರಿಗಳ ಚೀಲವನ್ನು 15-20 ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿದ ನಂತರ ಬಿಡಬೇಕು. ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮಪ್ರಮಾಣದಲ್ಲಿ ಬೆರೆಸಿ, ತೂತು ಮಾಡಿದ ಚೀಲದಲ್ಲಿ ತುಂಬಿ, ಅಡ್ಡಲಾಗಿ ಕಟ್ಟಿದ ಹಗ್ಗಕ್ಕೆ ತೂಗುಬಿಡಿ. ಪಾಲಿಥೀನ್ ಹಾಳೆ ಹಾಸಿದ ಹೊಂಡದಲ್ಲಿ ಗೂಟ ನೆಡಬಾರದು.

ಮೀನು ಸಾಮೂಹಿಕವಾಗಿ ಸಾಯುವುದು ಬಹುತೇಕ ಬೆಳಗಿನ ಜಾವದಲ್ಲಿ. ನೀರನ್ನು ಹಸಿರಾಗಿಸುವ ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ಇರುಳಿನಲ್ಲಿ ತಾನೇ ಬಳಸಿಕೊಳ್ಳುತ್ತದೆ. ಮೋಡ ಕವಿದ ದಿನಗಳಲ್ಲಿ ಈ ಕೊರತೆ ಇನ್ನೂ ತೀವ್ರ. ಪರೀಕ್ಷೆಗೆ ಉಪಕರಣ ಬೇಕಿಲ್ಲ. ಕೈಯನ್ನು ನೀರಿಗಿಳಿಸಿ: ಮುಂಗೈಯ ಅರ್ಧ ಮುಳುಗುವ ಮೊದಲೇ ಅಂಗೈ ಕಾಣದಾದರೆ ಸಗಣಿ ಗೊಬ್ಬರ ನಿಲ್ಲಿಸಿರಿ, ಮೊಣಕೈ ಮುಳುಗಿದರೂ ಸ್ಪಷ್ಟವಾಗಿ ಕಂಡರೆ ಸ್ವಲ್ಪ ಗೊಬ್ಬರ ಕೊಡಬಹುದು. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅಂದು ಆಹಾರ ನೀಡದೆ, ಪಂಪಿನಿಂದ ಅದೇ ನೀರನ್ನು ಮೇಲೆತ್ತಿ ಚಿಮ್ಮಿಸಿರಿ. ತಡಮಾಡಿದರೆ ವರ್ಷದ ಶ್ರಮ ಒಂದೇ ಬೆಳಗಿನಲ್ಲಿ ತೇಲುತ್ತದೆ.

ಸಿಹಿನೀರು ಸೀಗಡಿಗೆ ಬೇಡಿಕೆ ಹೆಚ್ಚು, ಅಪಾಯವೂ ಹೆಚ್ಚು. ಅದರ ಎಳೆಮರಿಗಳು ಉಪ್ಪು ಬೆರೆತ ನೀರಿನಲ್ಲೇ ಬೆಳೆಯುವುದರಿಂದ ಪ್ರತಿ ಸಲವೂ ಮರಿಗಳನ್ನು ಮರಿ ಉತ್ಪಾದನಾ ಕೇಂದ್ರದಿಂದಲೇ ತರಬೇಕು. ಪೊರೆ ಕಳಚಿದ ಸೀಗಡಿಯನ್ನು ಉಳಿದವು ತಿನ್ನುತ್ತವೆ. ತೆಂಗಿನ ಗರಿ, ಹಳೆಯ ಹೆಂಚುಗಳನ್ನು ಅಡಗುತಾಣವಾಗಿ ಇರಿಸಿರಿ. ತಳದ ಮೇವಿಗೆ ಸ್ಪರ್ಧಿಸುವ ಗೆಂಡೆಯನ್ನು ಜೊತೆಗೆ ಬಿಡಬೇಡಿ. ಕೀಟನಾಶಕ ಸಿಂಪಡಿಸಿದ ಹೊಲದ ನೀರು ಸ್ವಲ್ಪ ಹರಿದು ಬಂದರೂ ಮೀನಿಗಿಂತ ಮೊದಲು ಸಾಯುವುದು ಸೀಗಡಿ. ಮೊದಲ ವರ್ಷ ಮೀನಿನಲ್ಲಿ ಕೈ ಪಳಗಿದ ಮೇಲೆಯೇ ಇದಕ್ಕೆ ಇಳಿಯುವುದು ಒಳ್ಳೆಯದು.

ಹಾಳೆಯ ಇಳಿಜಾರು ನೆನೆದಾಗ ಬಹಳ ಜಾರುತ್ತದೆ. ಈಜು ಬಲ್ಲವರೂ ಮೇಲೇರಲಾರರು. ಸುತ್ತ ಬೇಲಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಲ್ಲದ ಹೊಂಡಕ್ಕೆ ಮರಿ ಬಿಡಲೇಬಾರದು.

ಬೆಳೆಗೆ ನೀರೆತ್ತುವಾಗ ಒಂದು ಮೀಟರ್ ಉಳಿಸಿರಿ. ಅಷ್ಟೂ ಉಳಿಯದ ಪರಿಸ್ಥಿತಿ ಬಂದರೆ ತೂಕಕ್ಕಾಗಿ ಕಾಯದೆ ದೊಡ್ಡ ಮೀನುಗಳಿಂದ ಆರಂಭಿಸಿ ಹಂತಹಂತವಾಗಿ ಹಿಡಿದು ಮಾರಿರಿ.