ಹಳೆಯ ಕಲ್ಲು ಮನೆಗಳ ದುರಸ್ತಿ: ಕರೂರು ಹಾಗೂ ಸುತ್ತಲಿನ ಗ್ರಾಮಗಳು

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕರೂರು ಹಾಗೂ ಸುತ್ತಲಿನ ಗ್ರಾಮಗಳ ಸಾಂಪ್ರದಾಯಿಕ ವಾಸದ ಮನೆಯು ಕಲ್ಲಿನ ಗೋಡೆ ಹಾಗೂ ಮಣ್ಣಿನ ಮಾಳಿಗೆಯನ್ನು ಹೊಂದಿರುತ್ತದೆ. ಈ ಭಾಗದಲ್ಲಿ ಕಲ್ಲಿನ ಆಸರೆ ಪಡೆದ ವಸತಿಯು ಬಹು ಪ್ರಾಚೀನವಾದುದು. ಇದೇ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ನಡೆದ ಉತ್ಖನನದಲ್ಲಿ, ಗುಡ್ಡದ ಬಂಡೆಗಳ ನಡುವೆ ನೆಲೆಸಿದ್ದ ನವಶಿಲಾಯುಗದ ಜನರ ಕುರುಹುಗಳು ದೊರೆತಿವೆ. ಆದರೆ ಇಂದು ಉಳಿದಿರುವ ಹಳೆಯ ಮನೆಗಳ ಪೈಕಿ ಹಲವು ವಾರಸುದಾರರ ಗಮನವಿಲ್ಲದೆ ಪಾಳುಬಿದ್ದಿವೆ. ಇಂತಹ ಮನೆಗಳನ್ನು ದುರಸ್ತಿಪಡಿಸುವ ಕ್ರಮವನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಮಾಳಿಗೆ

ದುರಸ್ತಿಯು ಮಾಳಿಗೆಯಿಂದಲೇ ಆರಂಭವಾಗತಕ್ಕದ್ದು. ತೊಲೆಗಳ ಮೇಲೆ ಜಂತಿ, ಅದರ ಮೇಲೆ ಕಡ್ಡಿ ಅಥವಾ ಚಪ್ಪಡಿ ಹಾಸಿ, ಎಲ್ಲಕ್ಕೂ ಮೇಲೆ ಸವಳು ಮಣ್ಣನ್ನು ಹರಡುವುದು ರೂಢಿ. ಸವಳಿನಲ್ಲಿರುವ ಲವಣಾಂಶವು ಮಣ್ಣಿನ ಸೂಕ್ಷ್ಮ ಕಣಗಳನ್ನು ಬಿಡಿಸಿ ರಂಧ್ರಗಳನ್ನು ಮುಚ್ಚುವುದರಿಂದ ನೀರು ಸುಲಭವಾಗಿ ಕೆಳಗಿಳಿಯುವುದಿಲ್ಲ. ಹಿರಿಯರ ಈ ಆಯ್ಕೆ ಶಾಸ್ತ್ರೀಯವಾಗಿಯೂ ಸರಿಯಾದುದೇ. ದೋಷವಿರುವುದು, ಹಳೆಯ ಮಣ್ಣನ್ನು ತೆಗೆಯದೆ ವರ್ಷ ವರ್ಷವೂ ಹೊಸ ಮಣ್ಣನ್ನು ಸುರಿಯುವುದರಲ್ಲಿ. 30 ಸೆಂಟಿಮೀಟರ್ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ ತೂಗುತ್ತದೆ. ಅಂದರೆ 3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆಯಲ್ಲಿ ಮಲಗಿದವರ ನೆತ್ತಿಯ ಮೇಲೆ 6 ಟನ್ ಭಾರವಿರುತ್ತದೆ. ಮಳೆಯಲ್ಲಿ ನೆನೆದರೆ ಇದು ಇನ್ನೂ ಹೆಚ್ಚುತ್ತದೆ. ಗೆದ್ದಲು ಹಿಡಿದ ತೊಲೆಯು ಜಡಿಮಳೆಯ ರಾತ್ರಿಯಲ್ಲಿ ಮುರಿಯುವುದು ಈ ಕಾರಣದಿಂದಲೇ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದಾದ್ಯಂತ ಇಂತಹ ಅಸಂಖ್ಯ ಮನೆಗಳು ಕುಸಿದವು.

ಆದ್ದರಿಂದ ಮೊದಲು ತೊಲೆಗಳಿಗೆ ಕೆಳಗಿನಿಂದ ಆಧಾರ ಕಂಬಗಳನ್ನು ಕೊಟ್ಟು, ಒಳಗೆ ಯಾರೂ ಇಲ್ಲದಿರುವಾಗ, ಮಣ್ಣನ್ನು ಎರಡೂ ಬದಿಗಳಿಂದ ಸಮನಾಗಿ ಇಳಿಸತಕ್ಕದ್ದು. ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯೇ ಮೊದಲು ಕೊಳೆಯುವ ಭಾಗ; ಬಡಿದಾಗ ಟೊಳ್ಳು ಶಬ್ದ ಬಂದರೆ ತೊಲೆಯನ್ನು ಬದಲಾಯಿಸುವುದು ಅನಿವಾರ್ಯ. ಮಳೆನೀರು ಹೊರಹೋಗುವ ದೋಣಿಗಳನ್ನು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿರುವಂತೆ ಕೂಡಿಸಬೇಕು. ನೆಲಕ್ಕೆ ಟೈಲ್ಸ್ ಹಾಕಿಸಿ ಮಾಳಿಗೆಯ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಡುವ ಪದ್ಧತಿ ಕಂಡುಬರುತ್ತದೆ. ಇದು ಯಾವ ಲೆಕ್ಕದಲ್ಲಿಯೂ ಉಳಿತಾಯವಲ್ಲ.

ಗೋಡೆ ಮತ್ತು ತಳಪಾಯ

ಗೋಡೆಯು ಉಬ್ಬಿದ್ದರೆ ಅದರ ಒಳ ಹಾಗೂ ಹೊರ ಪದರಗಳು ಬೇರ್ಪಟ್ಟಿವೆ ಎಂದು ತಿಳಿಯಬೇಕು. ಆ ಭಾಗವನ್ನು ಬಿಚ್ಚಿ, ಗೋಡೆಯ ಪೂರ್ಣ ದಪ್ಪಕ್ಕೆ ಹಾಯುವ ಕಲ್ಲುಗಳನ್ನು ಸೇರಿಸಿ ಪುನಃ ಕಟ್ಟುವುದು ಸೂಕ್ತ. ಭಾರತೀಯ ಮಾನಕ 13828ರ ಪ್ರಕಾರ ಇಂತಹ ಕಲ್ಲುಗಳು ಎತ್ತರದಲ್ಲಿ ಪ್ರತಿ 600 ಮಿಲಿಮೀಟರಿಗೆ, ಅಡ್ಡಲಾಗಿ 1.2 ಮೀಟರ್ ಮೀರದ ಅಂತರದಲ್ಲಿರಬೇಕು.

ಮಣ್ಣಿನ ಗೋಡೆಗಾರೆಯ ಮೇಲೆ ಸಿಮೆಂಟ್ ಗಿಲಾವು ಮಾಡಿಸುವುದು ಬಹಳ ಜನರ ತಪ್ಪು. ಗೋಡೆಯೊಳಗಿನ ತೇವ ಆರಲು ದಾರಿಯಿಲ್ಲದೆ ಮಣ್ಣು ಮೆದುವಾಗುತ್ತದೆ. ಹೊರಗಿನಿಂದ ಮಾತ್ರ ಗೋಡೆ ಹೊಸದಾಗಿ ಕಾಣುತ್ತದೆ. ಒಂದು ಭಾಗ ಸುಣ್ಣಕ್ಕೆ ಎರಡರಿಂದ ಮೂರು ಭಾಗ ಮರಳು ಬೆರೆಸಿದ ಗಾರೆ ಇದಕ್ಕಿಂತ ಉತ್ತಮ. ಹಳೆಯ ಗೋಡೆಯ ಮೇಲೆ ಆರ್‌ಸಿಸಿ ಛಾವಣಿ ಹಾಕುವ ಮುನ್ನ ಅಭಿಯಂತರರ ಸಲಹೆ ಪಡೆಯತಕ್ಕದ್ದು.

ಎರೆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವ ಗುಣವುಳ್ಳದ್ದು. ಬಚ್ಚಲು ಹಾಗೂ ಮಳೆಯ ನೀರು ತಳಪಾಯದ ಬಳಿ ನಿಲ್ಲದಂತೆ ಚರಂಡಿ ಮಾಡಿಸಬೇಕು.

ಅನುಮತಿ

ಪಾಳು ಮನೆಗಳ ದಾಖಲೆ ಅನೇಕ ವೇಳೆ ಮೃತರಾದ ಹಿರಿಯರ ಹೆಸರಿನಲ್ಲಿಯೇ ಇರುತ್ತದೆ. ಹಣ ವ್ಯಯಿಸುವ ಮುನ್ನ ಎಲ್ಲ ಹಕ್ಕುದಾರರ ಒಪ್ಪಿಗೆ ಪಡೆದು, ಗ್ರಾಮ ಪಂಚಾಯಿತಿಯಲ್ಲಿ ಖಾತೆ ಸರಿಪಡಿಸಿಕೊಳ್ಳುವುದು ಕ್ಷೇಮ. ಕಟ್ಟಡ ನಿರ್ಮಾಣ ಹಾಗೂ ಮಾರ್ಪಾಡಿಗೆ 1993ರ ಪಂಚಾಯತ್ ರಾಜ್ ಅಧಿನಿಯಮದನ್ವಯ ಗ್ರಾಮ ಪಂಚಾಯಿತಿಯ ಅನುಮತಿ ಅಗತ್ಯ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 300 ಮೀಟರ್ ಒಳಗಿರುವ ಮನೆಯಾದಲ್ಲಿ, ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯತಕ್ಕದ್ದು.