ಜಠರಾಗ್ನಿಯನ್ನು ಅಳೆಯಹೊರಟವರು

ಹಸಿವಾಗದವರಿಗೆ ಶುಂಠಿ ಕಷಾಯ ಕುಡಿಸುವ ಮನೆಗಳಲ್ಲಿ ‘ಅಗ್ನಿಮಾಂದ್ಯ’ ಎಂಬ ಮಾತು ಇನ್ನೂ ಬಳಕೆಯಲ್ಲಿದೆ. ತಿಂದದ್ದು ಸೌದೆ, ದೇಹ ಒಲೆ, ಉರಿ ಕುಂದಿದರೆ ಊದಬೇಕು. ಮೆಟಬಾಲಿಸಂ ಹೆಚ್ಚಿಸುವ ಪುಡಿ ಮಾರುವವರೂ ಇದೇ ಒಲೆಯನ್ನು ನಂಬಿ ಅಂಗಡಿ ಇಟ್ಟಿದ್ದಾರೆ. ಆದರೆ ಈ ಬೆಂಕಿಯನ್ನು ಅಳೆಯಹೊರಟವರ ನಾಲ್ಕು ಶತಮಾನಗಳ ಕೆಲಸವನ್ನು ಓದುತ್ತ ಹೋದರೆ, ಒಲೆಯ ಹೋಲಿಕೆ ಅರ್ಧದವರೆಗೆ ಮಾತ್ರ ಜೊತೆಗೆ ಬರುತ್ತದೆ. ಊದುವ ಮಾತು ಬಂದ ಕಡೆ ಅದು ಕೈಕೊಡುತ್ತದೆ.

ಆಯುರ್ವೇದ ಹದಿಮೂರು ಅಗ್ನಿಗಳನ್ನು ಎಣಿಸುತ್ತದೆ: ಜಠರಾಗ್ನಿ ಒಂದು, ಭೂತಾಗ್ನಿ ಐದು, ಧಾತ್ವಗ್ನಿ ಏಳು. ರಸ, ರಕ್ತ, ಮಾಂಸ ಹೀಗೆ ಪ್ರತಿ ಧಾತುವಿಗೂ ತನ್ನದೇ ಬೆಂಕಿ ಉಂಟೆಂಬ ಕಲ್ಪನೆ ಕುತೂಹಲದ್ದು. ಹಾಗೆಂದು ಎಲ್ಲವೂ ನಮ್ಮಲ್ಲೇ ಇತ್ತು ಎನ್ನಲಾಗದು, ಅಲ್ಲಿ ಅಳತೆಯಿಲ್ಲ. ಮೆಟಬಾಲಿಸಂಗೆ ಇಂದಿನ ಪಾರಿಭಾಷಿಕ ಪದ ‘ಚಯಾಪಚಯ’. ಕೂಡಿಡುವುದು ಚಯ, ಒಡೆದು ಕಳೆಯುವುದು ಅಪಚಯ. ಬೆಂಕಿಗಿಂತ ಜಮಾಖರ್ಚಿಗೆ ಹತ್ತಿರವಾದ ಈ ಪದವೇ ಹೆಚ್ಚು ಸರಿ ಎಂದು ನನ್ನ ಎಣಿಕೆ.

ಜಮಾಖರ್ಚನ್ನು ಮೊದಲು ತೂಕಕ್ಕೆ ಹಾಕಿದವನು ಇಟಲಿಯ ಪಾದುವಾದ ವೈದ್ಯ ಸಾಂತೋರಿಯೊ. ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದ. ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ವರ್ಷಗಟ್ಟಲೆ ತೂಗಿದ. ಎಂಟು ಪೌಂಡ್ ತಿಂದರೆ ಸುಮಾರು ಐದು ಪೌಂಡ್ ಕಣ್ಣಿಗೆ ಕಾಣದೆ ಹೋಗುತ್ತದೆಂದು 1614ರ ಪುಸ್ತಕದಲ್ಲಿ ಬರೆದ. ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಅವನ ಉತ್ತರ ಕಾಣದ ಬೆವರು. ಉಸಿರಿಗೂ ದಹನಕ್ಕೂ ಇರುವ ನಂಟು ತಿಳಿಯಲು ಇನ್ನೂ ನೂರೆಪ್ಪತ್ತು ವರ್ಷ ಬೇಕಾಯಿತು.

ಅದನ್ನು ತಿಳಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ. ಗಣಿತಜ್ಞ ಲಾಪ್ಲಾಸ್ ಜೊತೆಗೂಡಿ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತಿದ ಪಾತ್ರೆಯಲ್ಲಿಟ್ಟು, ಕರಗಿದ ನೀರಿನಿಂದ ಅದರ ಮೈಶಾಖ ಲೆಕ್ಕಹಾಕಿದ. ಉಸಿರಾಟವೆಂದರೆ ನಿಧಾನ ದಹನ ಎಂದು 1783ರಲ್ಲಿ ಇಬ್ಬರೂ ಸಾರಿದರು. ಏಳೆಂಟು ವರ್ಷದ ಮೇಲೆ ಪ್ರಯೋಗ ಮನುಷ್ಯನ ಮೇಲೆಯೇ ನಡೆಯಿತು. ಪತ್ನಿ ಮರಿಯನ್ ಬರೆದ ಚಿತ್ರದಲ್ಲಿ ಸಹಾಯಕ ಸೆಗ್ಯಾನ್ ಮುಖಕ್ಕೆ ಮುಸುಕು ಬಿಗಿದುಕೊಂಡು ಕಾಲಿನಿಂದ ಪೆಡಲ್ ಒತ್ತುತ್ತಿದ್ದಾನೆ. ಪಕ್ಕದ ಮೇಜಿನಲ್ಲಿ ಟಿಪ್ಪಣಿ ಬರೆಯುತ್ತಿರುವವಳು ಆಕೆಯೇ. ಬರಿಹೊಟ್ಟೆಯಲ್ಲಿ ಸುಮ್ಮನೆ ಕೂತಾಗಿನ ಆಮ್ಲಜನಕದ ಬಳಕೆಗೆ ಹೋಲಿಸಿದರೆ ಚಳಿಯಲ್ಲಿ ಹತ್ತರಲ್ಲೊಂದು ಪಾಲು ಏರಿಕೆ, ಉಂಡ ಮೇಲೆ ಒಂದೂವರೆ ಪಟ್ಟು, ಪೆಡಲ್ ಒತ್ತುವಾಗ ಎರಡೂವರೆ ಪಟ್ಟಿಗೂ ಮಿಗಿಲು. ಚಯಾಪಚಯ ಹೆಚ್ಚಿಸುವ ದಾರಿಗಳೆಂದು ಇಂದು ಹೇಳುವ ಚಳಿ, ಊಟ, ದುಡಿತ ಮೂರೂ ಆ ಪಟ್ಟಿಯಲ್ಲಿವೆ, ಅದೂ ತಮ್ಮ ತಮ್ಮ ಅಳತೆಯೊಡನೆ. 1794ರಲ್ಲಿ ಫ್ರೆಂಚ್ ಕ್ರಾಂತಿ ಲವಾಸಿಯೇಯ ತಲೆ ತೆಗೆಯಿತು.

ದಹನ ಶ್ವಾಸಕೋಶದಲ್ಲಿ ನಡೆಯುತ್ತದೆಂದು ಅವನು ತಿಳಿದಿದ್ದ. ಅದು ಅಂಗಾಂಶಗಳಲ್ಲಿ ನಡೆಯುತ್ತದೆಂದು 1870ರ ದಶಕದಲ್ಲಿ ಜರ್ಮನಿಯ ಶರೀರಶಾಸ್ತ್ರಜ್ಞ ಫ್ಲೂಗರ್ ತೋರಿಸಿದ. ಥೈರಾಯ್ಡ್ ಗ್ರಂಥಿ ಕೊಟ್ಟರೆ ಚಯಾಪಚಯದ ದರ ಏರುತ್ತದೆಂದು 1895ರಲ್ಲಿ ಬರ್ಲಿನ್ನಿನ ಮಾಗ್ನುಸ್-ಲೆವಿ ಕಂಡುಕೊಂಡ. ಹಾರ್ಮೋನಿನ ರಕ್ತಪರೀಕ್ಷೆ ಬರುವತನಕ ಥೈರಾಯ್ಡ್ ರೋಗ ಪತ್ತೆಗೆ ಉಸಿರಿನ ಅಳತೆಯೂ ಒಂದು ಸಾಧನವಾಗಿತ್ತು.

ನಿಜಕ್ಕೂ ಬೆಂಕಿಯನ್ನು ಊದಿದ ಕಥೆ ಒಂದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಡೈನೈಟ್ರೊಫೀನಾಲ್ ಎಂಬ ರಾಸಾಯನಿಕ ಬಳಸುತ್ತಿದ್ದ ಕೆಲಸಗಾರರು ಬೆವರಿ, ಜ್ವರವೇರಿ, ತೂಕ ಕಳೆದುಕೊಂಡರು, ಕೆಲವರು ಸತ್ತರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಟಿಂಗ್ ಮತ್ತು ಟೇಂಟರ್ ಅದನ್ನೇ ತೂಕ ಇಳಿಸುವ ಔಷಧಿಯಾಗಿ ಪ್ರಯೋಗಿಸಿದರು. ತೂಕ ಇಳಿಯಿತು, ಮಾತ್ರೆ ಚೀಟಿಯಿಲ್ಲದೆ ಬಿಕರಿಯಾಯಿತು. ಹಿಂದೆಯೇ ಕಣ್ಣಿಗೆ ಪೊರೆ ಬಂತು, ಮೈ ಕಾದು ಸಾವುಗಳೂ ಆದವು. 1938ರ ಅಮೆರಿಕದ ಕಾನೂನಿನೊಂದಿಗೆ ಅಲ್ಲಿ ಅದರ ಅಧಿಕೃತ ಮಾರಾಟ ಮುಗಿಯಿತು.

ಹೀಗೇಕಾಯಿತೆಂಬುದಕ್ಕೆ ವಿವರಣೆ ಸಿಕ್ಕಿದ್ದು 1961ರ ನಂತರ, ಬ್ರಿಟನ್ನಿನ ಜೀವರಸಾಯನಶಾಸ್ತ್ರಜ್ಞ ಪೀಟರ್ ಮಿಚೆಲ್‌ನಿಂದ. ಜೀವಕೋಶದ ಮೈಟೊಕಾಂಡ್ರಿಯಾವನ್ನು ಶಿವನಸಮುದ್ರದ ವಿದ್ಯುದಾಗಾರದಂತೆ ಭಾವಿಸಬಹುದು. ಆಹಾರ ಒಡೆದು ಬಂದ ಶಕ್ತಿ ಪ್ರೋಟಾನುಗಳನ್ನು ಪೊರೆಯ ಆಚೆಗೆ ಎತ್ತಿ ನಿಲ್ಲಿಸುತ್ತದೆ. ಅವು ಮರಳಿ ಇಳಿಯುವಾಗ ಚಕ್ರ ತಿರುಗಿ, ಜೀವಕೋಶ ಕೆಲಸಕ್ಕೆ ಬಳಸುವ ಶಕ್ತಿಯ ಅಣು ಎಟಿಪಿ ತಯಾರಾಗುತ್ತದೆ. (ಈ ಎಟಿಪಿಯನ್ನು 1929ರಲ್ಲಿ ಗುರುತಿಸಿದವರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು.) ಡೈನೈಟ್ರೊಫೀನಾಲ್ ಪೊರೆಯಲ್ಲಿ ತೂಬು ತೆರೆಯುತ್ತದೆ: ನೀರು ಭೋರ್ಗರೆಯುತ್ತದೆ, ಚಕ್ರ ತಿರುಗುವುದಿಲ್ಲ, ಖರ್ಚೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ.

ಇನ್ನು ನಮ್ಮ ಅಗ್ನಿ ‘ಮಂದ’ ಎಂಬ ಆರೋಪ. ಅಮೆರಿಕದ ಹ್ಯಾರಿಸ್ ಮತ್ತು ಬೆನೆಡಿಕ್ಟ್ 1919ರಲ್ಲಿ 136 ಗಂಡಸರು, 103 ಹೆಂಗಸರ ಅಳತೆಯಿಂದ ವಿಶ್ರಾಂತಿಯ ದರಕ್ಕೊಂದು ಸೂತ್ರ ಕಟ್ಟಿದರು. ಅದೇ ಬೆನೆಡಿಕ್ಟ್ ಮತ್ತು ಮದರಾಸಿನ ಎಲೀನರ್ ಮೇಸನ್ 1931ರಲ್ಲಿ ದಕ್ಷಿಣ ಭಾರತದ ಹೆಣ್ಣುಮಕ್ಕಳ ದರ ಆ ಮಾನದಂಡಕ್ಕಿಂತ ಶೇ. 17ರ ಆಸುಪಾಸು ಕಡಿಮೆಯೆಂದು ವರದಿ ಮಾಡಿದರು. ಹವೆಯೇ? ಜನಾಂಗವೇ? ಪ್ರಶ್ನೆ ದಶಕಗಟ್ಟಲೆ ಉಳಿಯಿತು. 1985ರಲ್ಲಿ ವಿಶ್ವಸಂಸ್ಥೆಯ ಸಂಸ್ಥೆಗಳು ಹೊಸ ಸೂತ್ರ ಒಪ್ಪಿದಾಗ ಅದರ ಹಿಂದಿನ ಅಳತೆಗಳಲ್ಲಿ ಸುಮಾರು ಅರ್ಧ ಇಟಲಿಯವರದು. ಅವರಲ್ಲಿ ಬಹಳಷ್ಟು ಮಂದಿ ಸೈನ್ಯ, ಪೊಲೀಸ್ ತರಬೇತಿಯ ಗಟ್ಟಿಮುಟ್ಟು ತರುಣರು. ಭಾರತೀಯರು ಮತ್ತೆ ಮಂದವಾಗಿ ಕಂಡರು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಶೆಟ್ಟಿ, ಸೋರೆಸ್ ಮೊದಲಾದವರು ನಸುಕಿನ ಬರಿಹೊಟ್ಟೆಯ ಉಸಿರನ್ನು ಅಳೆದು, 1993ರಲ್ಲಿ ಭಾರತೀಯ ಗಂಡಸರಿಗೇ ಬೇರೆ ಸೂತ್ರ ಕೊಟ್ಟರು. 1998ರಲ್ಲಿ ಭಾರತ ಮತ್ತು ಆಸ್ಟ್ರೇಲಿಯದ ಅಳತೆಗಳನ್ನು ಅಕ್ಕಪಕ್ಕ ಇಟ್ಟು, ಮೈತೂಕದಿಂದ ಕೊಬ್ಬನ್ನು ಕಳೆದು ಉಳಿದ ಭಾಗಕ್ಕೆ ಲೆಕ್ಕ ಹಾಕಿದಾಗ ಜನಾಂಗದ ವ್ಯತ್ಯಾಸವೇ ಕಾಣಲಿಲ್ಲ. ಕೊಬ್ಬಿಲ್ಲದ ಆ ಭಾಗದಲ್ಲಿ ಸ್ನಾಯುವೂ ಸೇರಿದೆ; ಹಾಗಾದರೆ ಸ್ನಾಯು ಬೆಳೆಸಿದರಾಯಿತಲ್ಲ ಎನ್ನಬಹುದು. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಉರಿಸುವುದು ಸುಮಾರು 13 ಕಿಲೋಕ್ಯಾಲರಿ, ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆಯಷ್ಟೂ ಇಲ್ಲ. ಆ ಸ್ನಾಯುವನ್ನು ದುಡಿಸಿದಾಗಿನ ಖರ್ಚು ಬೇರೆಯೇ; ಅದು ಸೆಗ್ಯಾನನ ಪೆಡಲಿನ ಲೆಕ್ಕಕ್ಕೆ ಸೇರಿದ್ದು.