ಸರ್ಟಿಫಿಕೇಟಿನಲ್ಲಿ ‘ಅವನು’ ಹೊಡೆದು ‘ಅವಳು’ ಎಂದು ಬರೆದರು

ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ ಹುಡುಗಿ ಜೆಇ ಪರೀಕ್ಷೆಗೆ ಅರ್ಜಿ ಹಾಕಿದರೆ ಇವತ್ತಿಗೂ ಊರಲ್ಲಿ ಒಂದು ಮಾತು ಬರುತ್ತದೆ: ‘ಕರೆಂಟಿನ ಕೆಲಸ, ಹೆಣ್ಣುಮಕ್ಕಳಿಗೆ ಆಗುತ್ತಾ?’ ಈ ಪ್ರಶ್ನೆಗೆ 80 ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದೆ. ಕೊಟ್ಟವರು ಎ. ಲಲಿತಾ, ಭಾರತದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಎಂಜಿನಿಯರ್.

ಲಲಿತಾ 1919ರಲ್ಲಿ ಮದ್ರಾಸಿನ ತೆಲುಗು ಕುಟುಂಬವೊಂದರಲ್ಲಿ ಹುಟ್ಟಿದರು. 15ಕ್ಕೆ ಮದುವೆ. 1937ರಲ್ಲಿ ಗಂಡ ತೀರಿಕೊಂಡಾಗ ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಮಗು. ಆ ಕಾಲದಲ್ಲಿ ವಿಧವೆಯ ಬದುಕು ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು ಅನ್ನುವುದನ್ನು ನಮ್ಮ ಅಜ್ಜಿಯಂದಿರನ್ನು ಕೇಳಿದರೆ ಗೊತ್ತಾಗುತ್ತದೆ.

ಲಲಿತಾ ಮತ್ತೆ ಓದಲು ಕೂತರು. ಮೊದಲು ಡಾಕ್ಟರಿಕೆ ಓದುವ ಯೋಚನೆಯಿತ್ತು. ಆದರೆ ನಡುರಾತ್ರಿ ರೋಗಿ ಬಂದರೆ ಮಗುವನ್ನು ಬಿಟ್ಟು ಓಡಬೇಕು. ಹೊತ್ತಿಗೆ ಸರಿಯಾಗಿ ಮನೆಗೆ ಬರುವ ಕೆಲಸ ಬೇಕಿತ್ತು, ಅದಕ್ಕೇ ಎಂಜಿನಿಯರಿಂಗ್ ಆರಿಸಿಕೊಂಡರು. ಸಾಧನೆ, ಕ್ರಾಂತಿ ಅಂತ ದೊಡ್ಡ ಮಾತು ಆಡುವವರು ಈ ಲೆಕ್ಕಾಚಾರವನ್ನು ಮರೆತುಬಿಡುತ್ತಾರೆ. ನನಗೆ ಇಡೀ ಕಥೆಯಲ್ಲಿ ತುಂಬ ಹಿಡಿಸಿದ್ದು ಇದೇ.

ತಂದೆ ಪಪ್ಪು ಸುಬ್ಬರಾವ್ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರೊಫೆಸರ್. ಪ್ರಿನ್ಸಿಪಾಲ್ ಕೆ.ಸಿ. ಚಾಕೊ ಅವರನ್ನು ಒಪ್ಪಿಸಿ ಮಗಳಿಗೆ ಸೀಟು ಕೊಡಿಸಿದರು. ಬರೀ ಗಂಡುಹುಡುಗರಿದ್ದ ಕಾಲೇಜು. ಮರುವರ್ಷ ಲೀಲಮ್ಮ ಜಾರ್ಜ್, ಪಿ.ಕೆ. ತ್ರೇಸ್ಯಾ ಎಂಬ ಇಬ್ಬರು ಸಿವಿಲ್ ವಿಭಾಗಕ್ಕೆ ಬಂದರು. ಯುದ್ಧದ ಕಾಲವೆಂದು ಕೋರ್ಸನ್ನು ಕೆಲವು ತಿಂಗಳು ಮೊಟಕು ಮಾಡಿದ್ದರಿಂದ ಮೂವರೂ ಒಟ್ಟಿಗೇ 1943ರಲ್ಲಿ ಪಾಸಾದರು. ಅಚ್ಚಾದ ಸರ್ಟಿಫಿಕೇಟಿನಲ್ಲಿ ‘ಅವನು’ ಎಂದೇ ಇತ್ತು. ಅದನ್ನು ಹೊಡೆದು ‘ಅವಳು’ ಎಂದು ಪೆನ್ನಿನಲ್ಲಿ ತಿದ್ದಿಕೊಡಬೇಕಾಯಿತು.

ಡಿಗ್ರಿಯ ಜೊತೆ ಪ್ರಾಕ್ಟಿಕಲ್ ತರಬೇತಿಯೂ ಬೇಕಿತ್ತು. ಬಿಹಾರದ ಜಮಾಲಪುರ ರೈಲ್ವೆ ವರ್ಕ್‌ಶಾಪಿನಲ್ಲಿ ಒಂದು ವರ್ಷ ಅಪ್ರೆಂಟಿಸ್ ಆದರು. 1944ರಲ್ಲಿ ಸಿಮ್ಲಾದ ಕೇಂದ್ರ ಸರ್ಕಾರದ ಮಾನಕ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಅಸಿಸ್ಟೆಂಟ್ ಹುದ್ದೆ ಸಿಕ್ಕಿತು. ಇಂದಿನ ಜೆಇ ಥರದ ಕೆಳಗಿನ ಮೆಟ್ಟಿಲು. ಎರಡು ವರ್ಷ ಅಲ್ಲಿದ್ದು, ಆಮೇಲೆ ಸ್ವಲ್ಪ ಕಾಲ ತಂದೆಯ ಸಂಶೋಧನೆಗೆ ನೆರವಾದರು. ವಿದ್ಯುತ್ತಿನಿಂದ ನುಡಿಯುವ ಒಂದು ವಾದ್ಯವನ್ನೂ, ಹೊಗೆಯಿಲ್ಲದ ಒಲೆಯನ್ನೂ ಆ ತಂದೆ ರೂಪಿಸುತ್ತಿದ್ದರು.

1948ರಲ್ಲಿ ಕಲ್ಕತ್ತೆಗೆ ಹೋದರು. ಬ್ರಿಟಿಷ್ ಕಂಪನಿ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್‌ನ ಎಂಜಿನಿಯರಿಂಗ್ ವಿಭಾಗ ಸೇರಿದರು. ಕೆಲಸ: ಟ್ರಾನ್ಸ್‌ಮಿಷನ್ ಲೈನ್‌ಗಳ ವಿನ್ಯಾಸ, ಸಬ್‌ಸ್ಟೇಷನ್ ನಕ್ಷೆ.

ಇದು ಕಂಬ ಹತ್ತುವ ಕೆಲಸವಲ್ಲ, ಆದರೆ ಕಂಬ ಹತ್ತುವವನ ಜೀವ ಇದರ ಮೇಲೇ ನಿಂತಿರುತ್ತದೆ. ನಿಮ್ಮ ಹೊಲದ ಮೇಲೆ ಹಾದುಹೋದ ಲೈನನ್ನೇ ನೋಡಿ. ಬೇಸಿಗೆಯ ಮಧ್ಯಾಹ್ನ ತಂತಿ ಕಾದು ಹಿಗ್ಗಿ ಕೆಳಗೆ ಜೋಲುತ್ತದೆ, ಚಳಿಯಲ್ಲಿ ಕುಗ್ಗಿ ಬಿಗಿಯಾಗುತ್ತದೆ. ತೀರಾ ಬಿಗಿದು ಕಟ್ಟಿದರೆ ಚಳಿಗೆ ಎಳೆತ ಹೆಚ್ಚಿ ತುಂಡಾದೀತು, ಸಡಿಲ ಬಿಟ್ಟರೆ ಹುಲ್ಲಿನ ಗಾಡಿಗೆ ತಾಗೀತು. ಎರಡು ಕಂಬದ ನಡುವೆ ಎಷ್ಟು ದೂರ, ತಂತಿ ಎಷ್ಟು ಜೋಲಬಹುದು, ಗಾಳಿಗೆ ಎಷ್ಟು ತೂಗಬಹುದು, ಎಲ್ಲವನ್ನೂ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬೇಕು. ಕಂಪ್ಯೂಟರ್ ಇಲ್ಲದ ಕಾಲ, ಎಲ್ಲವೂ ಕೈಲೆಕ್ಕ. ಸಬ್‌ಸ್ಟೇಷನ್ ನಕ್ಷೆಯೂ ಹಾಗೆಯೇ: ಟ್ರಾನ್ಸ್‌ಫಾರ್ಮರ್, ಬ್ರೇಕರ್ ಎಲ್ಲಿರಬೇಕು, ರಿಪೇರಿಗೆ ಹೋದವನಿಗೂ ಜೀವಂತ ತಂತಿಗೂ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಭಾಕ್ರಾ-ನಂಗಲ್ ಅಣೆಕಟ್ಟೆಯ ಜನರೇಟರ್‌ಗಳ ಕೆಲಸದಲ್ಲೂ ಲಲಿತಾ ಇದ್ದರು. ಮಗಳನ್ನು ಬೆಳೆಸುತ್ತಲೇ ಸುಮಾರು 30 ವರ್ಷ ಒಂದೇ ಕಡೆ ದುಡಿದರು. ಲಂಡನ್ನಿನ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆ 1953ರಲ್ಲಿ ಸಹ ಸದಸ್ಯತ್ವ, 1966ರಲ್ಲಿ ಪೂರ್ಣ ಸದಸ್ಯತ್ವ ಕೊಟ್ಟಿತು. ಮಧ್ಯೆ 1964ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಇಲ್ಲಿ ಅಂಥ ಸಂಘವೇ ಇರಲಿಲ್ಲವಾದ್ದರಿಂದ ಯಾರ ಪ್ರತಿನಿಧಿಯೂ ಆಗದೆ, ತಮ್ಮಷ್ಟಕ್ಕೆ ತಾವೇ ಹೋಗಿಬಂದರು.

ಜೊತೆಗೆ ಓದಿದ ತ್ರೇಸ್ಯಾ ಮುಂದೆ ಕೇರಳ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಹುದ್ದೆಗೇರಿದರು. ಲಲಿತಾ 1977ರಲ್ಲಿ ನಿವೃತ್ತರಾಗಿ, ಎರಡೇ ವರ್ಷಕ್ಕೆ, 1979ರ ಅಕ್ಟೋಬರಿನಲ್ಲಿ ತೀರಿಕೊಂಡರು.